ಎರಡು ಗರಗಸ

ಎರಡು ಕೈಯಲ್ಲಿ ಎರಡು ಗರಗಸ ಹಿಡಿದು ಸುಬ್ರಾಯರು ಚೆನ್ನೈನ ಕ್ರೋಂಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತಿದ್ದರು. ಒಂದಕ್ಕೆ ಸಣ್ಣ ಹಲ್ಲು, ಇನ್ನೊಂದಕ್ಕೆ ದೊಡ್ಡ ಹಲ್ಲು. ಹಿತ್ತಲಲ್ಲಿ ಶೆಡ್ ಕಟ್ಟಲು ಯಾವುದು ಬೇಕೆಂದು ಬಲ್ಲವಳು ಹೆಂಡತಿ ಚಂದ್ರಮತಿ. ಮುರಿದ ಮಣೆ, ಸಡಿಲವಾದ ಚಿಲಕ, ಎಲ್ಲಕ್ಕೂ ಸುತ್ತಿಗೆ ಹಿಡಿಯುತ್ತಿದ್ದವಳು ಅವಳೇ. ಹೋಟೆಲಿನ ಒಲೆಯ ಮುಂದೆ ಆಯುಷ್ಯ ಸವೆಸಿದ ಸುಬ್ರಾಯರ ಕೈಗೆ ಒಗ್ಗಿದ್ದು ಸೌಟು ಮಾತ್ರ. ಮಂಡಿನೋವೆಂದು ಅವಳು ಈ ಸಲ ಗಂಡನನ್ನು ಕಳಿಸಿದ್ದಳು. ಗರಗಸಗಳನ್ನು ಕೆಳಗಿಟ್ಟು ಅವರು ಮನೆಗೆ ಫೋನ್ ಮಾಡಿದರು.

"ಚಂದ್ರಾ, ಹಲ್ಲು ಸಣ್ಣದು ಬೇಕಾ, ದೊಡ್ಡದಾ?"

ಫೋನ್ ಎತ್ತಿದ್ದು ಮಗಳು ಅಶ್ವಿತಾ. "ಅಪ್ಪಾ, ಅಮ್ಮ ಏಳ್ತಾನೇ ಇಲ್ಲ. ಸೀಕ್ರಂ, ಬೇಗ ಬಾ ಅಪ್ಪಾ."

ಊಟ ಮಾಡಿ ಅಡ್ಡಾದವಳು ಮಲಗಿದಲ್ಲಿಯೇ ದೇವರ ಪಾದ ಸೇರಿದ್ದಳು.

ಹನ್ನೆರಡನೆಯ ದಿನದ ದಾನಕ್ಕೆ ಕೊಡೆ, ಚಪ್ಪಲಿ, ಚೊಂಬು ತಂದಿಡಲು ಪುರೋಹಿತ ಭಟ್ಟರು ಹೇಳಿದ್ದರು. ಮುನ್ನಾದಿನ ಸುಬ್ರಾಯರು ಹೋದದ್ದು ಅದೇ ಹಾರ್ಡ್‌ವೇರ್ ಅಂಗಡಿಗೆ. ಅಂಗಡಿಯವನು ಗುರುತು ಹಿಡಿದು ಆ ಎರಡು ಗರಗಸಗಳನ್ನೇ ಮುಂದಿಟ್ಟ. "ಮನೆಯಲ್ಲಿ ಕೇಳಿದಿರಾ ಸಾರ್? ಯಾವುದಂತೆ?" ಎಂದು ತಮಿಳಿನಲ್ಲಿ ಕೇಳಿದ.

ಸುಬ್ರಾಯರು ಎರಡರ ಹಲ್ಲಿನ ಮೇಲೂ ಬೆರಳಾಡಿಸಿದರು. ಆಮೇಲೆ, "ಎರಡೂ ಕೊಡಪ್ಪಾ" ಎಂದರು.

ಮರುದಿನ ಬಾಳೆಲೆಯ ಮೇಲಿದ್ದ ಗರಗಸಗಳನ್ನು ಕಂಡು ಭಟ್ಟರು ಮಂತ್ರ ನಿಲ್ಲಿಸಿದರು. "ಇದೆಂತದು ಸುಬ್ರಾಯರೇ? ನಾನು ಹೇಳಿದ್ದು ಕೊಡೆ."

"ಕೊಡೆ ಅವಳಿಗೆ ಮೂರಿತ್ತು ಭಟ್ರೇ. ಅವಳು ಆಸೆಪಟ್ಟದ್ದು ಇದಕ್ಕೆ. ನಾನು ಹೋಟೆಲು ಬಿಡುವಾಗ ತಂದ ಕೊಪ್ಪರಿಗೆ, ಬಾಣಲೆ ಎಲ್ಲ ಅವಳ ಅಡುಗೆಮನೆಯಲ್ಲೇ ಕೂತಿವೆ. 'ನಿಮ್ಮ ಕೊಪ್ಪರಿಗೆಗಳಿಗೆ ಹಿತ್ತಲಲ್ಲಿ ಒಂದು ಮನೆ ಕಟ್ಟಿಕೊಡ್ತೇನೆ, ಆಗಲಾದರೂ ನನಗೆ ಕಾಲಾಡಿಸಲಿಕ್ಕೆ ಜಾಗ ಸಿಗ್ತದೆ' ಅಂತ ಕಂಬ ಕೂಡ ತರಿಸಿಟ್ಟಿದ್ದಳು."

"ಅದೆಲ್ಲ ಸರಿ. ನಾನು ಇದನ್ನು ತಕೊಂಡು ಹೋಗಿ ಎಂತ ಮಾಡುದು? ಮೈಲಾಪೂರದಲ್ಲಿ ಬಾಡಿಗೆ ಮನೆಯ ಬಾಗಿಲು ಕೊಯ್ಯುದಾ?"

ಅಶ್ವಿತಾ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. ಸುಬ್ರಾಯರು ನಗಲಿಲ್ಲ. "ಅವಳು ಕೇಳಿದ್ದು ಅವಳಿಗೆ ಮುಟ್ಟಬೇಕು ಭಟ್ರೇ. ಕೊನೆಗೆ ಕೇಳಿದ್ದು ಇದೊಂದೇ" ಎಂದು ಗರಗಸಗಳನ್ನು ಭಟ್ಟರ ಕಡೆಗೆ ಸರಿಸಿದರು.

ಭಟ್ಟರು ಕೈ ಚಾಚಿದರು. ಸುಬ್ರಾಯರು ಎಳ್ಳುನೀರು ಬಿಟ್ಟು ಕೊಟ್ಟದ್ದನ್ನು ಮಂತ್ರ ಹೇಳಿ ತೆಗೆದುಕೊಂಡರು. ಊಟ ಮುಗಿಸಿ ಹೊರಡಬೇಕಾದವರು ಗರಗಸಗಳನ್ನು ಹಿಡಿದು ನೇರ ಹಿತ್ತಲಿಗೆ ನಡೆದರು. ಶಲ್ಯವನ್ನು ಸೊಂಟಕ್ಕೆ ಬಿಗಿದು ಕರೆದರು: "ತಕೊಂಡವನು ಬಳಸಿದರಲ್ಲವೋ ಹೋದವರಿಗೆ ಮುಟ್ಟುದು? ಬನ್ನಿ, ಈ ಕಂಬ ಹಿಡೀರಿ."

ಸಣ್ಣ ಹಲ್ಲಿನದು ಗಾಳಿಮರದ ಕಂಬದೊಳಗೆ ಸ್ವಲ್ಪ ಇಳಿದು ಕಚ್ಚಿಕೊಂಡಿತು. "ಇದು ಬೆಣ್ಣೆ ಕೊಯ್ಯಲಿಕ್ಕೆ ಸರಿ" ಎಂದು ಗೊಣಗುತ್ತ ಭಟ್ಟರು ಇನ್ನೊಂದನ್ನು ಎತ್ತಿಕೊಂಡರು. ಅದು ತಡವರಿಸದೆ ಇಳಿಯಿತು. ಮರದ ಪುಡಿ ಸುಬ್ರಾಯರ ಪಾದದ ಮೇಲೆ ಉದುರತೊಡಗಿತು.

"ದೊಡ್ಡ ಹಲ್ಲಿನದು ಚಂದ್ರಾ" ಎಂದರು ಅವರು, ಫೋನಿನಲ್ಲಿ ಹೇಳುವವರಂತೆ.

ಆಮೇಲೆ ಕಂಬ ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದು ಕಣ್ಣು ಮುಚ್ಚಿದರು. "ಕೃಷ್ಣಾ, ಅವಳಿಗೆ ಶಾಂತಿ ಕೊಡು. ಕೈಗೊಂದು ಸುತ್ತಿಗೆಯನ್ನೂ ಕೊಡು ತಂದೆ. ಸುಮ್ಮನೆ ಕೂರಿಸಿದರೆ ಅವಳಿಗೆ ಶಾಂತಿ ಇಲ್ಲ."