ಎಡಗಡೆಯ ಸೀಟು

"ಮತ್ತೆ ಎಡಕ್ಕೇ ಎಳೆಯುತ್ತೆ, ಮೇಸ್ತ್ರಿ. ಕೈ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಚರಂಡಿ ಕಡೆ ಹೊರಟುಬಿಡುತ್ತೆ," ಎನ್ನುತ್ತಲೇ ಟೀಚರಮ್ಮ ತಮ್ಮ ಹಳೇ ಕಾರಿನಿಂದ ಇಳಿದರು.

ಮೇಸ್ತ್ರಿಗೆ ಮುಖಕ್ಕೆ ಹೊಡೆದಂತಾಯಿತು. ಮುಂದಿನ ಎರಡೂ ಸ್ಪ್ರಿಂಗುಗಳನ್ನು ಹೋದ ವಾರವಷ್ಟೇ ಹೊಸದಾಗಿ ಕೂರಿಸಿದ್ದ. ದಾರ ಹಿಡಿದು ಚಕ್ರಗಳ ನೇರ ನೋಡಿದ್ದ. ಅವನು ಮುಟ್ಟಿದ ಕಾರು ಹೀಗೆ ದೂರು ಹೊತ್ತು ವಾಪಸ್ ಬಂದದ್ದೇ ಇಲ್ಲ.

"ಬೇಜಾರು ಮಾಡ್ಕೋಬೇಡಿ. ಬೇರೆ ಕಡೆ ತೋರಿಸಲಾ?"

"ಇನ್ನೊಂದು ಸಲ ನೋಡ್ತೀನಿ, ಟೀಚರಮ್ಮ. ಇವತ್ತೂ ಸರಿಹೋಗದಿದ್ರೆ ನಾನೇ ಬೇರೆ ಗ್ಯಾರೇಜಿಗೆ ಬಿಟ್ಟುಬರ್ತೀನಿ."

ಕೆಳಗೆ ನುಸುಳಿ ಬೋಲ್ಟುಗಳನ್ನೆಲ್ಲ ಸಡಿಲಿಸಿದ. ಸೀಟಿನ ಮೇಲೆ ಭಾರ ಬಿದ್ದು ಸ್ಪ್ರಿಂಗು ಕುಗ್ಗಿದ ಮೇಲೆಯೇ ಅವನ್ನು ಬಿಗಿಯಬೇಕು, ಚಕ್ರದ ನೇರ ನೋಡಬೇಕು. ಟೀಚರಮ್ಮ ಸ್ಟಿಯರಿಂಗ್ ಮುಂದೆ ಕೂತರು. ಅವನು ಮೂಲೆಯಿಂದ ಮರಳಿನ ಮೂಟೆ ಹೊತ್ತು ತಂದು ಎಡಗಡೆಯ ಸೀಟಿಗೆ ಇಳಿಸಿದ.

ಆ ಸೀಟಲ್ಲಿ ಕೂರುವ ಕೆಲಸ ಮೊದಲು ಅವನ ಹೆಂಡತಿಯದಾಗಿತ್ತು. ಯಾರ ಕಾರೇ ಬರಲಿ, ಕೂಗಿದರೆ ಸಾಕು, ಗ್ಯಾರೇಜಿನ ಹಿಂದಿನ ಮನೆಯಿಂದ ಬಟಾಣಿ ಬುಟ್ಟಿ ಹಿಡಿದು ಬಂದು ಕೂರುತ್ತಿದ್ದಳು. "ಮದುವೆಯಾದದ್ದು ಹೆಂಡತಿ ಬೇಕು ಅಂತಲೋ, ತೂಕದ ಕಲ್ಲು ಬೇಕು ಅಂತಲೋ?" ಎಂದು ಕೆಳಗೆ ಮಲಗಿದವನಿಗೆ ಕೇಳುವಂತೆಯೇ ಗೊಣಗುತ್ತಿದ್ದಳು. ಅವಳು ಹೋದಮೇಲೆ ಚೀಲಕ್ಕೆ ಮರಳು ತುಂಬಿ, ತೂಗಿ, ಬಾಯಿ ಹೊಲಿದಿದ್ದ. ಅವಳು ಕಾಯಿಲೆ ಬೀಳುವ ಮುಂಚಿನ ತೂಕ.

"ಇದ್ಯಾಕೆ ನನ್ನ ಪಕ್ಕಕ್ಕೆ?"

"ಪಕ್ಕದಲ್ಲಿ ಕೂರೋರ ಲೆಕ್ಕಕ್ಕೆ. ನಿಮ್ಮಪ್ಪ ಇದ್ದಾಗಲೂ ಇಬ್ಬರ ಭಾರ ಹಾಕೇ ಬಿಗೀತಿದ್ದೆ."

"ಆಗ ಅಪ್ಪ ಕೂರ್ತಿದ್ರು. ಬ್ರೇಕ್ ಹಾಕು, ಹಾರ್ನ್ ಹೊಡಿ ಅಂತ ದಾರಿಯುದ್ದಕ್ಕೂ ಪ್ರಾಣ ತಿಂತಿದ್ರು." ಟೀಚರಮ್ಮ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಈಗ ಯಾರೂ ಕೂರಲ್ಲ, ಮೇಸ್ತ್ರಿ. ತರಕಾರಿ ಚೀಲ ಕೂಡ ಹಿಂದಿನ ಸೀಟಲ್ಲಿ ಇಡ್ತೀನಿ."

ಮೇಸ್ತ್ರಿಗೆ ತಪ್ಪು ಗೊತ್ತಾಯಿತು. ಇಬ್ಬರ ಭಾರಕ್ಕೆ ಬಿಗಿದ ಕಾರನ್ನು ಒಬ್ಬರೇ ಓಡಿಸಿದರೆ ಎಡಭಾಗ ಮೇಲೆದ್ದು ಚಕ್ರ ಓರೆಯಾಗುತ್ತದೆ. ಇದು ಅವನಿಗೆ ತಿಳಿಯದ್ದೇನಲ್ಲ. ಆದರೆ ಪಕ್ಕದಲ್ಲಿ ಯಾರಾದರೂ ಕೂರುತ್ತಾರಾ ಎಂದು ಈಚೆಗೆ ಅವನು ಯಾರನ್ನೂ ಕೇಳಿಯೇ ಇರಲಿಲ್ಲ. ಕಾರು ಬಂದರೆ ಸಾಕು, ಮೂಟೆ ತಂದು ಕೂರಿಸಿಬಿಡುತ್ತಿದ್ದ. ಹೋದ ವಾರ ಈ ಕಾರಿಗೂ ಹಾಗೇ ಮಾಡಿದ್ದ.

"ತೆಗೆದುಬಿಡಿ ಅದನ್ನ," ಎಂದರು ಟೀಚರಮ್ಮ.

"ಹ್ಞೂಂ. ತೆಗೀತೀನಿ."

ಹಾಗೆಂದವನು ಬಾಗಿಲು ಹಿಡಿದು ನಿಂತೇ ಇದ್ದ. ಆಮೇಲೆ ಬಗ್ಗಿ, ಎರಡೂ ತೋಳಲ್ಲಿ ತಬ್ಬಿ ಎತ್ತಿದ. ಕಾರಿನ ಎಡಭಾಗ ಕಿರುಗುಟ್ಟುತ್ತ ಮೇಲೆದ್ದಿತು. ನೆಲದ ತುಂಬ ಎಣ್ಣೆ, ಗ್ರೀಸು. ಮೂಟೆ ಇಳಿಸಲು ಬಾಗಿದವನು ಹಾಗೇ ತಡೆದು, ಕಾಲಿನಿಂದ ಕುರ್ಚಿಯೊಂದನ್ನು ಹತ್ತಿರ ಎಳೆದುಕೊಂಡು, ಅದರ ಮೇಲೆ ಕೂರಿಸಿದ.