ಆಂಟೆನಾ ಮುಂದಿನ ಹಂಡೆ

ಬೆರಳುದ್ದದ ಹಳೇ ಆಂಟೆನಾ ತಿರುಗಿಸಿ ಬಿಚ್ಚಿ, ಅದೇ ಜಾಗಕ್ಕೆ ಗೇಣಿಗಿಂತ ಉದ್ದದ ಹೊಸದನ್ನು ಸೊಸೆ ಚೈತ್ರ ಕೂರಿಸುತ್ತಿದ್ದಾಗ ಮುದ್ದಪ್ಪನೇ ಟಾರ್ಚ್ ಹಿಡಿದು ನಿಂತಿದ್ದ. ವೈಫೈ ಡಬ್ಬಿ ಇದ್ದದ್ದು ಪಡಸಾಲೆಯ ಗೂಡಿನಲ್ಲಿ, ಟೆಲಿಫೋನಿನ ಪಕ್ಕ. ಶಿಡ್ಲಘಟ್ಟದ ಆ ಉದ್ದನೆಯ ಮನೆಯಲ್ಲಿ ಅದರ ಸಿಗ್ನಲ್ ಅಡುಗೆಮನೆ ದಾಟುತ್ತಿರಲಿಲ್ಲ. ಸ್ಕೂಲಿನ ಕೆಲಸವನ್ನು ಹಿಂದಿನ ಕೋಣೆಯಲ್ಲಿ ಕೂತು ಮಾಡಬೇಕೆಂಬುದು ಚೈತ್ರಳ ಆಸೆ.

"ಇದಕ್ಕೇನು ತಿನ್ನಕ್ಕೆ ಹಾಕಿದ್ರಮ್ಮ, ಒಂದೇ ಸಲಕ್ಕೆ ಇಷ್ಟುದ್ದ ಬೆಳೆದೈತೆ?"

"ಇನ್ಮೇಲೆ ಹಿಂದಿನ ರೂಮಿಗೂ ಸಿಗ್ನಲ್ ಬರತ್ತೆ ಮಾವ. ಆದ್ರೆ ಇದರ ಮುಂದೆ ಏನೂ ಇಡಬೇಡಿ. ತಗಡು, ತಾಮ್ರ, ನೀರು, ಇವು ಅಡ್ಡ ಬಂದ್ರೆ ಅಲ್ಲಿಗೇ ನಿಂತೋಗತ್ತೆ."

"ನಾನ್ಯಾಕೆ ಇಡಕ್ಕೋಗ್ಲಮ್ಮ," ಅಂದ ಮುದ್ದಪ್ಪ.

ಸಂಜೆ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕೂತು ಅವನು ರಾಗವಾಗಿ ಪದ್ಯ ಓದುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ಹೆಂಡತಿ ವರಲಕ್ಷ್ಮಮ್ಮ ಎದುರಿಗೆ ಕೂತು, ನೆನೆಸಿದ ಅವರೆಕಾಳು ಹಿದುಕುತ್ತಾ ಕೇಳುವಳು. ಒಂದೊಂದು ಷಟ್ಪದಿ ಮುಗಿದಾಗಲೂ ಅವಳು "ಹೂಂ" ಅನ್ನಬೇಕು. ಆ ಹೂಂ ಬಂದಮೇಲೇ ಅವನು ಮುಂದಿನ ಪದ್ಯಕ್ಕೆ ಹೋಗುವುದು. ಈಚೆಗೆ ನಾಲ್ಕನೇ ಸಾಲಿಗೇ ಅವನಿಗೆ ಉಸಿರು ಸಾಲದಾಗುತ್ತಿತ್ತು. ಹೂಂ ಮಾತ್ರ ತಪ್ಪಿರಲಿಲ್ಲ.

ಆವತ್ತು ದೀಪ ಹಚ್ಚಿ ಬಂದು ನೋಡಿದರೆ ಎದುರಿನ ಜಾಗ ಖಾಲಿ. ಅವರೆಕಾಳಿನ ಬೇಸಿನ್ನೂ ಇಲ್ಲ. ಹಿಂದಿನ ಕೋಣೆಯಿಂದ ಒಬ್ಬ ಗಂಡಸಿನ ದನಿ ಬರುತ್ತಿತ್ತು. ತುಂಬಿದ ದನಿ. ಮುದ್ದಪ್ಪ ದಿನವೂ ಓದುವ ಅದೇ ಕಾವ್ಯದ ಪದ್ಯವನ್ನು ಒಂದೇ ಉಸಿರಿನಲ್ಲಿ ಹತ್ತಿಸಿ ಇಳಿಸಿ ಮುಗಿಸಿತು. ಅದರ ಹಿಂದೆಯೇ ವರಲಕ್ಷ್ಮಮ್ಮನ ದನಿ: "ಹೂಂ."

ಮುದ್ದಪ್ಪ ಬಾಗಿಲಿಗೆ ಹೋಗಿ ನಿಂತ. ಚೈತ್ರಳ ಲ್ಯಾಪ್‌ಟಾಪ್ ಮಂಚದ ಮೇಲಿತ್ತು, ಅದರ ಮುಂದೆ ಅವನ ಹೆಂಡತಿ.

"ಯಾರೋ ಹೇಳಿ ಇಂಟರ್‌ನೆಟ್ಟಿಗೆ ಹಾಕವ್ರಂತೆ. ಕೇಳಿ, ಈಯಪ್ಪ ಮಧ್ಯದಲ್ಲಿ ಉಸಿರೇ ತಗೊಳಲ್ಲ," ಅಂದಳು ವರಲಕ್ಷ್ಮಮ್ಮ, ತಲೆ ಎತ್ತದೆ.

"ಅದಕ್ಯಾಕೆ ಹೂಂ ಅಂತೀಯ? ಅದಕ್ಕೇನು ಕಿವಿ ಐತಾ?"

"ಇಲ್ದಿದ್ರೆ ಇಲ್ಲ. ಅಷ್ಟು ಚೆನ್ನಾಗಿ ಹೇಳ್ತಿದ್ರೆ ಬಾಯಿ ಸುಮ್ನಿರ್ತದಾ?"

ಮಾರನೆಯ ಸಂಜೆಯೂ ಬೇಸಿನ್ನು ಒಳಗೇ ಹೋಯಿತು. ಅದರ ಮಾರನೆಯ ಸಂಜೆಯೂ. ಮುದ್ದಪ್ಪ ಒಬ್ಬನೇ ಕೂತು ಒಂದು ಪದ್ಯ ಓದಿದ. ಕಾದ. ಎದುರಿನ ಗೋಡೆ ಸುಮ್ಮನಿತ್ತು. ಒಳಗಿನಿಂದ ಮಾತ್ರ ಒಂದಾದ ಮೇಲೊಂದು ಹೂಂ ಬರುತ್ತಲೇ ಇತ್ತು, ಬೇರೆಯವನಿಗೆ. ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡ. ದೇವರ ಕಥೆ ಕಿವಿಗೆ ಬಿದ್ದರೆ ಸಾಕು, ಯಾರ ಬಾಯಿಂದ ಬಂದರೇನು ಎಂದು ತನಗೇ ಹೇಳಿಕೊಂಡ. ಎದೆ ಒಪ್ಪಲಿಲ್ಲ. ಹರೆಯದಲ್ಲಿ ಅವಳು ಯಾರೊಂದಿಗೆ ನಕ್ಕು ಮಾತಾಡಿದರೂ ಹೀಗೆ ಉರಿದಿರಲಿಲ್ಲ.

ಚೈತ್ರ ಅಂಗಡಿಗೆ ಹೋಗಿದ್ದಳು. ಅವನು ಎದ್ದು ಬಚ್ಚಲಿಗೆ ಹೋಗಿ ತಾಮ್ರದ ಹಂಡೆ ತಂದ. ಗೂಡಿನ ಮುಂದೆ ಸ್ಟೂಲು ಹಾಕಿ ಅದರ ಮೇಲೆ ಕೂರಿಸಿ, ಬಿಂದಿಗೆಯಲ್ಲಿ ನೀರು ತಂದು ತಂದು ಸುರಿದ. ಡಬ್ಬಿಯೂ ಆಂಟೆನಾವೂ ಹಂಡೆಯ ಹಿಂದೆ ಮರೆಯಾದವು. ಒಳಗಿನ ದನಿ ಅಲುಗಲಿಲ್ಲ. ಕಾಡು ಸೇರಿದ ರಾಣಿ ತುಂಬಿದ ಹೊಳೆಯ ದಂಡೆಯಲ್ಲಿ ನಿಂತು ಎರಡೂ ಕೈ ಎತ್ತಿ ದೇವರನ್ನು ಕರೆಯುವ ಪದ್ಯ ಅದು. ಇನ್ನೊಂದು ಬಿಂದಿಗೆ ಸುರಿಯೋಣವೆಂದು ತಿರುಗುವಷ್ಟರಲ್ಲಿ, ಐದನೇ ಸಾಲಿಗೆ, ದನಿ ಪಟ್ಟನೆ ನಿಂತಿತು.

ಮುದ್ದಪ್ಪನಿಗೆ ಹಾಯೆನಿಸಿತು. ಆದರೆ ಹೂಂ ಬರಲಿಲ್ಲ. ಅವರೆಕಾಳು ಬೇಸಿನ್ನಿಗೆ ಬೀಳುವ ಸದ್ದೂ ನಿಂತಿತ್ತು. ಅವಳು ಕಾಯುತ್ತಿದ್ದಾಳೆ. ರಾಣಿ ಕರೆಯಬೇಕಾದ ಹೆಸರು ಇರುವುದು ಆರನೇ ಸಾಲಿನಲ್ಲಿ. ಮನೆಗೆ ಬೆಂಕಿ ಬಿದ್ದರೂ ಹಿಡಿದ ಪದ್ಯ ಮುಗಿಸಿಯೇ ನೀರು ತರಲು ಏಳಬೇಕು ಎಂದು ಕಲಿಸಿದವನು ಅವನ ಅಪ್ಪ. ಇಲ್ಲಿ ನೀರು ತಂದು ಪದ್ಯ ನಿಲ್ಲಿಸಿದವನು ಇವನು. ಎತ್ತಿದ ಕೈ ಎತ್ತಿದಂತೆಯೇ ರಾಣಿ ದಂಡೆಯಲ್ಲಿ ನಿಂತಿದ್ದಳು.

ತಡೆಯಲಾಗಲಿಲ್ಲ. ಹಂಡೆಯ ಕಂಠ ಹಿಡಿದುಕೊಂಡೇ ಮುದ್ದಪ್ಪ ಆರನೇ ಸಾಲು ಎತ್ತಿದ. ನಡುವೆ ಉಸಿರು ಕಡಿಯಿತು. ಒಂದು ಗುಟುಕು ಎಳೆದುಕೊಂಡು ಹೆಸರು ಮುಟ್ಟಿಸಿದ.

ಸ್ವಲ್ಪ ತಡೆದು ಒಳಗಿನಿಂದ ಬಂತು: "ಹೂಂ."

ಅಷ್ಟರಲ್ಲಿ ಚೈತ್ರ ಚೀಲ ಹಿಡಿದು ಒಳಗೆ ಬಂದಳು. ಹಂಡೆ ನೋಡಿದಳು, ಮಾವನ ಮುಖ ನೋಡಿದಳು.

"ಏನ್ ಮಾವ, ನಾಳೆಯಿಂದ ಸ್ನಾನ ಇಲ್ಲೇನಾ?" ಅನ್ನುತ್ತಾ ಸ್ಟೂಲನ್ನು ಪಕ್ಕಕ್ಕೆ ಎಳೆದಳು. ನೀರು ತುಳುಕಿ ಮುದ್ದಪ್ಪನ ಪಾದದ ಮೇಲೆ ಬಿತ್ತು. ಅವನು ಹಂಡೆಯ ಮೇಲಿನ ಕೈ ತೆಗೆಯಲಿಲ್ಲ.

ಕೊಂಚ ಹೊತ್ತಿಗೆ ಆ ದನಿ ನಿಂತಲ್ಲಿಂದಲೇ ಮತ್ತೆ ಹೊರಟಿತು. ಅದೇ ಆರನೇ ಸಾಲನ್ನು, ಎಲ್ಲೂ ಕಡಿಯದೆ, ಹೆಸರಿನವರೆಗೆ ಒಯ್ದು ನಿಲ್ಲಿಸಿತು.

ಮುದ್ದಪ್ಪ ಕಿವಿಗೊಟ್ಟು ನಿಂತ.

"ಅದು ಆಗ್ಲೇ ಆಯ್ತು ಕಣಪ್ಪ," ಅಂದಳು ಒಳಗೆ ವರಲಕ್ಷ್ಮಮ್ಮ. "ನೀನು ಮುಂದಕ್ಕೆ ಹೇಳು."