ಕಡ್ಡಿ ಸೇಬು

ಕಡ್ಡಿಗೆ ಚುಚ್ಚಿದ ಸೇಬಿನಿಂದ ಕೆಂಪು ಸಕ್ಕರೆ ಪಾಕ ಮತ್ತೆ ಜಾರಿ ತಟ್ಟೆಗೆ ಬಿತ್ತು. ಮಗಳು ತಲೆ ಚಚ್ಚಿಕೊಂಡಳು. ಅಮ್ಮ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ತಿಂದ ಮಿಠಾಯಿಯನ್ನು ಅವಳ ಹುಟ್ಟಿದ ದಿನಕ್ಕೆ ಮನೆಯಲ್ಲೇ ಮಾಡಿ ಕೊಡಬೇಕೆಂದು ಬೆಳಗಿನಿಂದ ಒದ್ದಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಮ್ಮ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಸಲ ನಕ್ಕರೆ ಸಾಕಿತ್ತು.

"ಸೇಬಿಗೆ ಸ್ನಾನ ಮಾಡಿಸಿದ್ದು ಸಾಕು, ಬಟ್ಟೆ ಯಾವಾಗ ಹಾಕ್ತೀಯ?" ಎಂದು ಅಳಿಯ ಕಾಲೆಳೆದ.

ಆ ಜಾತ್ರೆಯ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಐದು ವರ್ಷದ ಅಮ್ಮ ಜನಜಂಗುಳಿಯಲ್ಲಿ ಕಳೆದುಹೋದದ್ದು, ತಾತ, ಅಜ್ಜಿ ಹುಚ್ಚರ ಹಾಗೆ ಹುಡುಕಾಡಿದ್ದು, ಕತ್ತಲಾಗುವ ಹೊತ್ತಿಗೆ ಅಜ್ಜಿ ಅವಳನ್ನು ಎತ್ತಿಕೊಂಡು ಬಂದದ್ದು. ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ಹುಡುಗಿ ಕೈಯಲ್ಲಿದ್ದ ಕಡ್ಡಿ ಸೇಬನ್ನು ಬಿಟ್ಟಿರಲಿಲ್ಲವಂತೆ! ಹೆದರಿಕೆಗೆ ಎಷ್ಟೋ ದಿನ ಬಾಯೇ ಬಿಡಲಿಲ್ಲವಂತೆ. ಮೇಷ್ಟ್ರಾಗಿದ್ದ ತಾತ ಆ ತಿಂಗಳೇ ವರ್ಗ ಮಾಡಿಸಿಕೊಂಡರು. ಆ ಊರಿನ ಋಣ ತೀರಿತು ಎಂದಷ್ಟೇ ಅಜ್ಜಿ ಹೇಳುತ್ತಿದ್ದರು. ಹೇಳುವಾಗಲೂ ಅಮ್ಮನ ಕೈ ಹಿಡಿದುಕೊಂಡೇ ಇರುತ್ತಿದ್ದರು.

"ಹಣ್ಣನ್ನ ಬಿಸಿನೀರಲ್ಲಿ ಅದ್ದಿ ಒರೆಸಿದ್ಯೇನೇ? ಮೇಲಿನ ಜಿಡ್ಡು ಹೋಗದೆ ಪಾಕ ಹೇಗೆ ಹಿಡಿಯುತ್ತೆ?"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದ ಅವಳಿಗೂ ಒಲೆಗೂ ಎಣ್ಣೆ ಸೀಗೆಕಾಯಿ. ಗಂಡ ಇದ್ದಷ್ಟು ದಿನ ಅಡುಗೆ ಅವನದೇ. "ಓದು ಬರಹ ಕೇಳಿ, ನಾನು ಮೇಷ್ಟ್ರ ಮಗಳು" ಎಂದು ಕತ್ತು ಎತ್ತಿ ಹೇಳಿ ಪಾತ್ರೆಗಳಿಂದ ತಪ್ಪಿಸಿಕೊಳ್ಳುತ್ತಿದ್ದವಳು ಈಗ ತೋಳೇರಿಸಿ ಒಲೆಯ ಮುಂದೆ ಬಂದಳು. ಪಾಕಕ್ಕೆ ನಿಂಬೆರಸ ಹಿಂಡಿದಳು. ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಹಲ್ಲಿನಲ್ಲಿ ಟಕ್ಕೆಂದು ಕಚ್ಚಿ, "ಹದ ಬಂತು" ಎಂದಳು. ಒರೆಸಿದ ಸೇಬನ್ನು ಓರೆ ಮಾಡಿದ ಪಾತ್ರೆಯಲ್ಲಿ ಒಂದೇ ಸುತ್ತು ಹೊರಳಿಸಿ, ಮೇಲೆತ್ತಿ, ಕೈ ಕೊಡವಿದಳು. ಪಾಕ ಗಾಜಿನಂತೆ ಹಿಡಿದುಕೊಂಡಿತು. ಮತ್ತೊಂದು, ಇನ್ನೊಂದು. ಕೈ ಎಲ್ಲೂ ತಡವರಿಸಲಿಲ್ಲ.

"ಅತ್ತೆ, ಇಷ್ಟು ವರ್ಷ ಈ ವಿದ್ಯೆ ಎಲ್ಲಿ ಬಚ್ಚಿಟ್ಟಿದ್ರಿ?" ಅಳಿಯ ಚಪ್ಪಾಳೆ ತಟ್ಟಿದ.

ಅಮ್ಮ ನಕ್ಕಳು. ನಿಜವಾಗಿಯೂ ನಕ್ಕಳು. "ಇದೇನು ಮಹಾ! ಅಪ್ಪ ಒಂದೇ ಕೈಯಲ್ಲಿ ನಾಲ್ಕು ಕಡ್ಡಿ ಹಿಡಿದು ತಿರುಗಿಸ್ತಿದ್ದ."

"ತಾತನಾ? ಸೀಮೆಸುಣ್ಣ ಬಿಟ್ಟು ಬೇರೇನೂ ಮುಟ್ಟದ ಮೇಷ್ಟ್ರು ಪಾಕ ತೆಗೀತಿದ್ರಾ?"

"ಮೇಷ್ಟ್ರಲ್ಲ ಕಣೇ, ಅಪ್ಪ. ಬೆರಳೆಲ್ಲ ಸುಟ್ಕೊಂಡಿದ್ನಲ್ಲ..." ಮಾತು ಅಲ್ಲಿಗೇ ನಿಂತಿತು. ಆಡಿದವಳು ತಾನೇ ಹೌದೋ ಅಲ್ಲವೋ ಎಂಬಂತೆ ಅಮ್ಮ ಮಗಳ ಮುಖ ನೋಡಿದಳು. ನಗು ಹೇಳದೆ ಕೇಳದೆ ಹೊರಟುಹೋಗಿತ್ತು.

ಮಗಳು ಅಮ್ಮನ ಹತ್ತಿರ ಸರಿದಳು. "ಅಮ್ಮಾ, ಯಾವ ಅಪ್ಪ?"

ಅಮ್ಮ ಒಲೆಯ ಕಟ್ಟೆಯನ್ನು ಹಿಡಿದುಕೊಂಡಳು. "ನಾನು ಕಳೆದುಹೋಗಿರ್ಲಿಲ್ಲ ಕಣೇ. ನಮ್ಮ ಮಿಠಾಯಿ ಗಾಡಿ ಹತ್ರಾನೇ ಇದ್ದೆ. ಒಬ್ಬಳೇ ಇದ್ದೆ. ಒಬ್ಬ ಹೆಂಗಸು ಮಗಳ ಹೆಸರು ಕೂಗ್ತಾ, ಅಳ್ತಾ ಓಡಿ ಬಂದ್ಲು. ನನ್ನ ನೋಡಿ ನಿಂತ್ಲು. ತುಂಬಾ ಹೊತ್ತು ನೋಡಿದ್ಲು. ಆಮೇಲೆ ಎತ್ಕೊಂಡು, ಅದೇ ಹೆಸರಿಂದ ನನ್ನ ಕರೆದ್ಲು."

"ಯಾವ ಹೆಸರು?"

"ಈಗ ನಂಗಿರೋ ಹೆಸರು. ಅವರ ಮಗಳು ಸಿಗಲೇ ಇಲ್ಲ. ಸಿಕ್ಕಿದ್ದು ನಾನು."

"ಅತ್ತೆ, ಅಷ್ಟು ಚಿಕ್ಕಂದಿನದು ಯಾರಿಗೆ ನೆನಪಿರುತ್ತೆ? ಯಾವಾಗಲೋ ಕಂಡ ಕನಸಿರ್ಬೇಕು" ಎಂದ ಅಳಿಯ. ಅವನ ಮಾತನ್ನು ಅವನೇ ನಂಬಿದಂತೆ ಕಾಣಲಿಲ್ಲ. ತಟ್ಟೆಯಲ್ಲಿ ಹೊಳೆಯುತ್ತಿದ್ದ ಸೇಬುಗಳನ್ನು ಕನಸು ಎನ್ನುವುದಾದರೂ ಹೇಗೆ? ಬಾಯಿ ಬಿಡದ ಮಗು, ಅವಸರದ ವರ್ಗ, ಅಜ್ಜಿಯ ಬಿಡದ ಹಿಡಿತ, ಇಷ್ಟು ಕಾಲ ಕೇಳಿ ನಕ್ಕಿದ್ದೆಲ್ಲ ಮಗಳ ಮುಂದೆ ಒಂದೊಂದಾಗಿ ಎದ್ದು ನಿಂತವು. ತನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳೆಸಿದ ಅಜ್ಜಿಯ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಪಾಕ ಸೀಯುವ ವಾಸನೆ ಬಂತು. ಮಗಳು ಒಲೆ ಆರಿಸಲು ಕೈ ಚಾಚಿದಳು. ಅಮ್ಮ ಅವಳ ಕೈಯನ್ನು ಬಿಗಿಯಾಗಿ ಹಿಡಿದಳು.

"ಆರಿಸ್ಬೇಡ. ಅಪ್ಪ ನೀರು ತರೋಕೆ ಹೋಗಿದ್ದಾನೆ. ಬರೋವರೆಗೂ ಬೆಂಕಿ ನೋಡ್ಕೋ ಅಂದಿದ್ದಾನೆ."